ಬ್ಯಾಟರಿಗೊಂದು ಬೊಟ್ಟು ಗಂಧ

ನನ್ನ ಹೂಬತ್ತಿಯ ಡಬ್ಬಿ ನೋಡಿದವರೆಲ್ಲ ಒಂದು ಸಲ ನಗುತ್ತಾರೆ. ಡಬ್ಬಿ ಎಂದರೆ ಡಬ್ಬಿಯಲ್ಲ, ಉದ್ದನೆಯ ಒಂದು ರಟ್ಟಿನ ಪೆಟ್ಟಿಗೆ. ಮೇಲೆ ಮಿಂಚಿನ ಚಿತ್ರ. ಪಕ್ಕದಲ್ಲಿ ಬೆಂಕಿಯ ಚಿತ್ರ ಬರೆದು ಅದರ ಮೇಲೊಂದು ಅಡ್ಡಗೆರೆ, ಅಂದರೆ ಇದನ್ನು ಬೆಂಕಿಗೆ ಹಾಕಬೇಡಿ ಎಂದು. ಒಳಗಿರುವುದು ನಾನು ಮಧ್ಯಾಹ್ನ ಕೂತು ಹೊಸೆದ ಬತ್ತಿಗಳು, ಎರಡು ಹೊತ್ತೂ ಬೆಂಕಿಗೇ ಹೋಗುವಂಥವು. ‘ಬ್ಯಾಟರಿ ಡಬ್ಬಿಯಲ್ಲಿ ಬತ್ತಿಯಾ?’ ಎಂದು ಕೇಳುತ್ತಾರೆ. ಹೌದು. ಎರಡೂ ದೀಪದ ಸಾಮಾನೇ ತಾನೆ? ನಗುವವರು ನಗಲಿ. ಈ ಡಬ್ಬಿ ನಮ್ಮ ಡೊಂಬಿವಲಿಯ ಮನೆಗೆ ಬಂದಾಗ ಇದಕ್ಕಿಂತ ಹೆಚ್ಚು ನಕ್ಕವರಿದ್ದಾರೆ. ಅವರೆಲ್ಲರನ್ನೂ ದಾಟಿಕೊಂಡೇ ನಾನು, ಈ ಡಬ್ಬಿ ಇಬ್ಬರೂ ಇಲ್ಲಿಯವರೆಗೆ ಬಂದದ್ದು.

ನಾನು ಚಿಕ್ಕವಳಿದ್ದಾಗ ಉಡುಪಿಯ ಕಡೆ ಬ್ಯಾಟ್ರಿ ಎಂದರೆ ಟಾರ್ಚು. ಅದರೊಳಗೆ ಹಾಕುವುದು ಸೆಲ್ಲು. ಅಪ್ಪ ಮದುವೆ, ಉಪನಯನಗಳಿಗೆ ಅಡುಗೆಗೆ ಹೋಗುವವರು. ಬೆಳಕು ಹರಿಯುವ ಮೊದಲೇ ಮೂರು ಸೆಲ್ಲಿನ ಬ್ಯಾಟ್ರಿ ಹಿಡಿದು ಹೊರಡಬೇಕು. ಬೆಳಕು ಮಂದವಾಯಿತೆಂದರೆ ಅಮ್ಮ ಆ ಸೆಲ್ಲುಗಳನ್ನು ತೆಗೆದು ಸಂಡಿಗೆಯ ಚಾಪೆಯ ಮೂಲೆಯಲ್ಲಿ ಬಿಸಿಲಿಗೆ ಇಡುತ್ತಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಸಂಡಿಗೆಗೆ ಕಾಗೆ ಬರುವುದು ಸರಿ, ಸೆಲ್ಲಿಗೆ ಯಾಕೆ ಕಾವಲು ಎಂದು ನಾನು ಯಾವತ್ತೂ ಕೇಳಲಿಲ್ಲ. ‘ಪಾಪ, ಅದಕ್ಕೂ ಸ್ವಲ್ಪ ಬಿಸಿಲು ಕಾಯ್ಲಿ’ ಎನ್ನುತ್ತಿದ್ದಳು ಅಮ್ಮ, ಬಾಣಂತಿಯ ಬಗ್ಗೆ ಹೇಳಿದ ಹಾಗೆ. ಆಶ್ಚರ್ಯವೆಂದರೆ ಮರುದಿನ ಅದು ಉರಿಯುತ್ತಿತ್ತು! ಎರಡು ಸಲ ಬಿಸಿಲು ಕಾಣದೆ ನಮ್ಮ ಮನೆಯಲ್ಲಿ ಯಾವ ಸೆಲ್ಲೂ ಸತ್ತದ್ದಿಲ್ಲ.

ಹೀಗೆ ಬೆಳೆದವಳ ಕೈಗೆ ಒಂದು ಹಳೆಯ ಲ್ಯಾಪ್‌ಟಾಪ್ ಬಂತು. ಅದು ಮಗಳು ಅನುಷಾಳದ್ದು. ಕಾಲೇಜು ಮುಗಿಸಿ ಐರೋಲಿಯ ಕಂಪನಿಯೊಂದಕ್ಕೆ ಸೇರಿದ ಮೇಲೆ ಅವಳಿಗೆ ಆಫೀಸಿನಿಂದಲೇ ಹೊಸದು ಸಿಕ್ಕಿತು. ಹಳೆಯದು ಭಾರ, ಕಲ್ಲಿನ ಹಾಗೆ. ಮುಚ್ಚಳದ ಒಂದು ಮೂಲೆ ಒಡೆದಿತ್ತು. ಆದರೆ ಕನ್ನಡ ಅಕ್ಷರ ಎಷ್ಟು ದೊಡ್ಡದು ಬೇಕಾದರೂ ಮಾಡಿ ತೋರಿಸುತ್ತಿತ್ತು. ನನಗೆ ಬೇಕಾದದ್ದು ಅಷ್ಟೇ.

ಯಾಕೆಂದು ಹೇಳುತ್ತೇನೆ. ನಮ್ಮ ಸೊಸೈಟಿಯಲ್ಲಿ ಆಗ ಕನ್ನಡದ ಮನೆಗಳು ಏಳು. ಉಡುಪಿ, ಕುಂದಾಪುರ, ಧಾರವಾಡ, ವಿಜಾಪುರ ಎಲ್ಲ ಕಡೆಯವರೂ ಇದ್ದೆವು. ಆ ಮನೆಗಳ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಓದಲಂತೂ ಒಬ್ಬರಿಗೂ ಬಾರದು. ದೇವರು ನನಗೆ ಓದು ಕೊಟ್ಟದ್ದು ಹತ್ತನೆಯ ತರಗತಿಯವರೆಗೆ, ಆದರೆ ಕೊಟ್ಟದ್ದು ಗಟ್ಟಿಯಾಗಿಯೇ ಕೊಟ್ಟಿದ್ದಾನೆ. ಶನಿವಾರ ಸಂಜೆ ಐದರಿಂದ ಆರು, ಕೆಳಗಿನ ಸೊಸೈಟಿ ಹಾಲಿನಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡಲು ಶುರುಮಾಡಿದೆ. ಚಿತ್ರ ಹಾಕಿಕೊಡುವ ಕೆಲಸ ಅನುಷಾಳದ್ದು.

ನಮ್ಮ ಅಕ್ಷರಮಾಲೆಯಲ್ಲಿ ಅರಸ, ಆನೆ ಇರಲಿಲ್ಲ. ಈ ಮಕ್ಕಳು ಅರಸನನ್ನು ಎಲ್ಲಿ ನೋಡಬೇಕು? ಅವರು ನೋಡಿದ್ದು ಸ್ಟೇಷನ್ನು. ಹಾಗಾಗಿ ಐ ಐರೋಲಿ. ಘ ಘಣಸೋಲಿ. ಡ ಡೊಂಬಿವಲಿ. ಶ ಶಹಾಡ್. ‘ಖ’ ತೋರಿಸಲು ಕೋಪರಖೈರಣೆಯನ್ನು ಹಾಕಿದ್ದೆವು, ಅಕ್ಷರ ನಡುವಿನಲ್ಲಿದ್ದರೂ ಹುಡುಕಿ ಹಿಡಿಯಲಿ ಎಂದು. ನಾನು ಕಲಿಯುವಾಗ ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ‘ಠ’. ನಮ್ಮ ಪುಸ್ತಕದಲ್ಲಿ ‘ಠ ಠಸ್ಸೆ’ ಎಂದಿತ್ತು. ಠಸ್ಸೆ ಎಂದರೇನು ಎಂದು ಮೇಷ್ಟ್ರನ್ನು ಕೇಳಿದ್ದಕ್ಕೆ ಬೆನ್ನಿಗೊಂದು ಬಿತ್ತು, ಅದೇ ಠಸ್ಸೆ ಎಂದು ತುಂಬಾ ದಿನ ತಿಳಿದುಕೊಂಡಿದ್ದೆ. ನಮ್ಮ ಮಕ್ಕಳಿಗೆ ಆ ಕಷ್ಟವೇ ಇಲ್ಲ. ಠ ಠಾಣೆ. ಇಡೀ ಕನ್ನಡ ನಾಡಿನಲ್ಲಿ ಯಾರಿಗೂ ಇಲ್ಲದ ಸುಖ ದೇವರು ಈ ಊರಿನ ಕನ್ನಡದ ಮಕ್ಕಳಿಗೆ ಇಟ್ಟಿದ್ದಾನೆ ನೋಡಿ.

ಒಂಬತ್ತು ಮಕ್ಕಳು ಬರುತ್ತಿದ್ದರು. ಅಕ್ಷರದ ಆಸೆಗೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಗುಂಡಿ ಒತ್ತಿದರೆ ಪರದೆಯ ಮೇಲೆ ರೈಲು ಬರುತ್ತದಲ್ಲ, ಅದಕ್ಕೆ.

ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ್ದರೆ ಜೀವ, ವಯರು ಸ್ವಲ್ಪ ಅಲುಗಿದರೆ ಪ್ರಾಣ ಹೋಯಿತು. ಅದಕ್ಕೇ ಹಾಲಿನ ಪ್ಲಗ್ಗಿಗೆ ಸಿಕ್ಕಿಸಿ ಪಾಠ ಮಾಡುತ್ತಿದ್ದೆ. ಒಂದು ಶನಿವಾರ ಹೋಗಿ ನೋಡಿದರೆ ಪ್ಲಗ್ಗಿನ ಮೂರು ತೂತಿನ ಮೇಲೂ ಕಂದು ಬಣ್ಣದ ಪ್ಯಾಕಿಂಗ್ ಟೇಪು ಅಡ್ಡಡ್ಡ ಅಂಟಿಸಿದೆ. ಕುರ್ಚಿಯ ಮೇಲೆ ಸೊಸೈಟಿಯ ಸೆಕ್ರೆಟರಿ ದೇಸಾಯರು ಕೂತಿದ್ದಾರೆ. ಧಾರವಾಡದವರು, ಬ್ಯಾಂಕಿನಿಂದ ರಿಟೈರ್ ಆದವರು. ಅವರ ಮೊಮ್ಮಗಳು ಈಶಾ ಕೂಡ ನನ್ನ ಪಾಠಕ್ಕೆ ಬರುವವಳೇ.

“ಸುಮತಿ ವೈನಿ, ಸಿಟ್ಟಾಗಬ್ಯಾಡ್ರಿ. ಕಂಪ್ಲೇಂಟ್ ಬಂದದ. ಸೊಸೈಟಿ ಕರೆಂಟ್ ಅಂದ್ರ ಎಲ್ಲಾರದೂ ರೀ. ಮೀಟಿಂಗ್ ಬಿಟ್ಟು ಬ್ಯಾರೆ ಕೆಲಸಕ್ಕ ಹಚ್ಚೋಹಂಗಿಲ್ಲ.”

“ಮಕ್ಕಳು ಅಕ್ಷರ ಕಲಿಯುವುದು ಬೇರೆ ಕೆಲಸವಾ ದೇಸಾಯರೇ? ನಿಮ್ಮ ಈಶಾನೂ ಬರ್ತಾಳಲ್ಲ!”

“ಹೌದ್ರೀ, ಅದಕ್ಕ ನನಗ ಇನ್ನೂ ಫಜೀತಿ. ಮೊಮ್ಮಗಳ ಸಂಬಂಧ ಬಿಟ್ಟಾನ ಅಂತಾರ. ಇವತ್ತ ನಿಮ್ಮ ಲ್ಯಾಪ್‌ಟಾಪು, ನಾಳೆ ಇನ್ನೊಬ್ಬಾಕಿ ಇಸ್ತ್ರಿ ಪೆಟ್ಟಿಗಿ ತರ್ತಾಳ. ಬೋರ್ಡ್ ಮ್ಯಾಲೆ ಬರೀರಲ್ಲ, ನಾವೆಲ್ಲಾ ಹಂಗ ಕಲತವರು.”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದೊಂದನ್ನು ಬಿಡಿಸು ಎಂದು ದಿನಾ ಕೃಷ್ಣನನ್ನು ಕೇಳುತ್ತೇನೆ, ಅವನಿಗೂ ಬೇರೆ ಕೆಲಸ ಇರಬೇಕು. ಮಕ್ಕಳೆದುರೇ ಹೇಳಿಬಿಟ್ಟೆ: “ಆಯ್ತು. ನಿಮ್ಮ ಕರೆಂಟು ನಿಮಗೇ ಇರಲಿ. ದಸರಾ ಕಳೆದ ಮೇಲಿನ ಶನಿವಾರದಿಂದ ಇದೇ ಹಾಲಿನಲ್ಲಿ, ಇದೇ ಲ್ಯಾಪ್‌ಟಾಪಿನಲ್ಲಿ ಪಾಠ ನಡೀತದೆ. ನಿಮ್ಮ ಟೇಪನ್ನು ನಾನು ಮುಟ್ಟುವುದೂ ಇಲ್ಲ.”

“ಹೆಂಗ್ರೀ? ಮಂತ್ರಾ ಹಾಕ್ತೀರೇನು?” ಎಂದು ನಕ್ಕರು.

ಹೇಗೆಂದು ನನಗೂ ಗೊತ್ತಿರಲಿಲ್ಲ. ನಡುವಿನ ಎರಡು ಶನಿವಾರ ಬೋರ್ಡಿನ ಮೇಲೆ ಬರೆದು ನೋಡಿದೆ. ಮೊದಲ ವಾರ ಐದು ಮಕ್ಕಳು ಬಂದರು, ಎರಡನೆಯ ವಾರ ಇಬ್ಬರು. ಅದರಲ್ಲೂ ಒಬ್ಬಳು ಈಶಾ, “ಆಂಟೀ, ಟ್ರೇನ್ ನಹೀ ಆಯೇಗಾ ಕ್ಯಾ?” ಎಂದು ಕೇಳಿ, ಇಲ್ಲ ಎಂದು ತಿಳಿದ ಮೇಲೆ ಬಾಗಿಲ ಕಡೆಯೇ ನೋಡುತ್ತಾ ಕೂತಳು. ದಸರಾ ಕಳೆದು ಹೇಳಿದ ಶನಿವಾರ ರೈಲು ಬರದಿದ್ದರೆ ಪಾಠ ಅಲ್ಲಿಗೆ ಮುಗಿಯಿತು ಎಂದು ನನಗೆ ಗೊತ್ತಾಗಿಹೋಯಿತು.

ದೇಸಾಯರ ಜೊತೆ ಮಾತಾದ ದಿನವೇ ಮನೆಗೆ ಬಂದು ನಾನು ಮೊದಲು ಮಾಡಿದ ಕೆಲಸ ಯಾವುದೆಂದು ನೀವೇ ಊಹಿಸಬಹುದು. ಸತ್ತ ಬ್ಯಾಟರಿಯನ್ನು ಬಿಚ್ಚಿ, ಕಿಟಕಿಯ ಗ್ರಿಲ್ಲಿನಲ್ಲಿ ತುಳಸಿ ಕುಂಡದ ಪಕ್ಕ ಬಿಸಿಲಿಗೆ ಇಟ್ಟೆ. ಅನುಷಾ ನೋಡಿ ಕಿರುಚಿದಳು.

“ಅಮ್ಮಾ, ಕ್ಯಾ ಕರ್ ರಹೀ ಹೋ! ಇದು ಟಾರ್ಚ್ ಸೆಲ್ ಅಲ್ಲ, ಫಟ್ ಜಾಯೇಗಾ, ಸಿಡೀತದೆ!”

“ನಿನ್ನ ಅಜ್ಜಿ ಇಡ್ತಿದ್ಳು.”

“ಅಜ್ಜಿ ಹತ್ರ ಲಿಥಿಯಮ್ ಇತ್ತಾ?”

ಅಜ್ಜಿಯ ಹತ್ತಿರ ಇದ್ದದ್ದು ಸಂಡಿಗೆ. ಸುಮ್ಮನೆ ಒಳಗೆ ತಂದಿಟ್ಟೆ.

ನಮ್ಮವರು ಆಗ ಠಾಣೆಯ ನೌಪಾಡಾದಲ್ಲಿ ಹೋಟೆಲೊಂದರ ಮ್ಯಾನೇಜರು. ಹೋಟೆಲಿನ ಎದುರಿನ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪು ಹೊತ್ತುಕೊಂಡು ಹೋಗಿ ತೋರಿಸಿ ಬಂದರು. ಆ ಮಾಡೆಲ್ಲಿನ ಒರಿಜಿನಲ್ ಬ್ಯಾಟರಿ ಈಗ ಕಂಪನಿಯೇ ಮಾಡುವುದಿಲ್ಲವಂತೆ, ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿ ಎಂದನಂತೆ ಅಂಗಡಿಯವನು.

“ಇನ್ನು ಎಂತ ಮಾಡುದು ಮಾರಾಯ್ತಿ? ಹಠ ಬಿಡು. ದೇಸಾಯ್ರ ಹತ್ರ ಒಂದು ಮಾತು ಹೇಳಿದ್ರೆ ಆಯ್ತು.”

“ಎಂತ ಮಾತು?”

“ತಪ್ಪಾಯ್ತು ಅಂತ.”

ಆ ದಿನ ಅವರಿಗೆ ಸಾರಿನಲ್ಲಿ ಉಪ್ಪು ಸ್ವಲ್ಪ ಹೆಚ್ಚೇ ಬಿತ್ತು. ಬೇಕೆಂದು ಹಾಕಿದ್ದಲ್ಲ, ಆದರೆ ತೆಗೆಯಲೂ ಹೋಗಲಿಲ್ಲ.

ಆನ್‌ಲೈನಿನಲ್ಲಿ ಸಿಗುತ್ತದೆ ಎಂದವಳು ಅನುಷಾ. ಹಳೆಯ ಬ್ಯಾಟರಿಯ ಹೊಟ್ಟೆಯ ಮೇಲೆ ಇರುವೆಯ ಸಾಲಿನ ಹಾಗೆ ಒಂದು ನಂಬರು ಇರುತ್ತದೆ, ಅದೇ ಸರಿಯಾಗಿ ಹೊಂದಬೇಕು. ಭೂತಗನ್ನಡಿ ಹಿಡಿದು ಒಂದೊಂದಾಗಿ ಓದಿ ಹೇಳಿದೆ. ಸೊನ್ನೆಯೋ ಇಂಗ್ಲಿಷಿನ ‘ಓ’ಯೋ ಎಂದು ತಾಯಿ ಮಗಳಿಗೆ ಅರ್ಧ ಗಂಟೆ ಜಗಳ. ವಿಷ್ಣುಸಹಸ್ರನಾಮ ಬಾಯಿಪಾಠ ಮಾಡಿದವಳಿಗೆ ಹನ್ನೆರಡು ಅಕ್ಷರ ಯಾವ ಲೆಕ್ಕ! ಮೂರನೆಯ ಸಲಕ್ಕೆ ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಪುಟ ತೆರೆಯಿತು. ಬ್ಯಾಟರಿಯ ಚಿತ್ರದ ಕೆಳಗೆ ಜನರ ಅಭಿಪ್ರಾಯಗಳು. ಒಬ್ಬ ಬಂಗಾರದಂಥ ಬ್ಯಾಟರಿ ಎಂದಿದ್ದ. ಅವನ ಕೆಳಗಿನವನು ಮೋಸ, ಮೋಸ, ಮೋಸ ಎಂದು ಮೂರು ಸಲ ಬರೆದಿದ್ದ. ನಮ್ಮವರು ಭುಜದ ಮೇಲಿಂದ ಇಣುಕಿ, “ಡಬ್ಬಿಯಲ್ಲಿ ಇಟ್ಟಿಗೆ ಹಾಕಿ ಕಳಿಸ್ತಾರಂತೆ. ನಮ್ಮ ಕ್ಯಾಶಿಯರಿಗೆ ಫೋನಿನ ಬದಲು ಸೋಪು ಬಂದಿತ್ತು” ಎಂದರು.

“ಬಂದ್ರೆ ಬಟ್ಟೆ ಒಗೀತೇನೆ” ಎಂದೆ.

“ಇದು ಡೂಪ್ಲಿಕೇಟ್, ನೋಡಿಕೋ.”

“ಡೂಪ್ಲಿಕೇಟ್ ನಹೀ ಪಪ್ಪಾ,” ಎಂದಳು ಅನುಷಾ, “ಕಂಪ್ಯಾಟಿಬಲ್.”

ಆ ಶಬ್ದ ನಾನು ಮೊದಲ ಬಾರಿ ಕೇಳಿದ್ದು. ಹಾಗೆಂದರೇನೆ ಎಂದೆ. ಅವಳು ಸ್ವಲ್ಪ ಯೋಚಿಸಿ, “ಅಂದ್ರೆ ಆ ಕಂಪನಿಯದ್ದಲ್ಲ. ಆದ್ರೆ ಹೊಂದಿಕೊಂಡು ಹೋಗ್ತದೆ” ಎಂದಳು.

ಓಹೋ, ಎಂದುಕೊಂಡೆ. ಹಾಗಾದರೆ ಇದು ನಮ್ಮ ಜಾತಿಯದ್ದೇ! ಮದುವೆಯಾಗಿ ಉಡುಪಿಯಿಂದ ಈ ಊರಿಗೆ ಬಂದಾಗ ನನಗೆ ಮರಾಠಿ ಬಾರದು, ಹಿಂದಿ ಬಾರದು. ಮೊದಲ ವಾರ ತರಕಾರಿಯವಳ ಹತ್ತಿರ ಸನ್ನೆ ಮಾಡಿ ಬದನೆಕಾಯಿ ಕೇಳಿ ಬೀಟ್‌ರೂಟ್ ತಂದವಳು. ಲೋಕಲ್ ಟ್ರೇನಿನಲ್ಲಿ ಇಳಿಯಬೇಕಾದ ಕಡೆ ಇಳಿಯಲಾಗದೆ ಕಲ್ಯಾಣದವರೆಗೆ ಹೋಗಿ ಅತ್ತವಳು. ಈಗ ಅದೇ ತರಕಾರಿಯವಳು ನನ್ನನ್ನು ‘ತಾಈ’, ಅಂದರೆ ಅಕ್ಕ, ಎಂದು ಕರೆದು ಕೊತ್ತಂಬರಿ ಕೊಸರು ಹಾಕುತ್ತಾಳೆ. ನಾನು ಈ ಊರಿನ ಒರಿಜಿನಲ್ ಅಲ್ಲ. ಊರಿಗೆ ಹೋದರೆ ಅಲ್ಲಿಯವರೂ ‘ಬೊಂಬಾಯಿಯವರು’ ಎನ್ನುತ್ತಾರೆ, ಅಲ್ಲಿಗೂ ಅಲ್ಲ. ಈ ಮಕ್ಕಳ ಕನ್ನಡವೂ ಹಾಗೆಯೇ. ನನ್ನದನ್ನು ಕೇಳಿದರೆ ದೇಸಾಯರು ‘ಪುಸ್ತಕದ ಕನ್ನಡ’ ಎನ್ನುತ್ತಾರೆ, ಒರಿಜಿನಲ್ ಏನಿದ್ದರೂ ಧಾರವಾಡದ್ದಂತೆ. ಇರಲಿ. ಉರಿಯುತ್ತದೆಯೋ ಇಲ್ಲವೋ, ಅದು ಹೇಳಿ. ಯಾವ ಕಾರ್ಖಾನೆಯದ್ದು ಎಂದು ಆಮೇಲೆ ನೋಡೋಣ.

“ಒತ್ತು ಗುಂಡಿ” ಎಂದೆ.

ಆಯುಧಪೂಜೆಯ ಹಿಂದಿನ ದಿನ ಡಬ್ಬಿ ಬಂತು. ವಾಚ್‌ಮನ್ ಕೆಳಗಿನಿಂದಲೇ “ಭಟ್ ಭಾಭೀ, ಪಾರ್ಸಲ್” ಎಂದು ಕೂಗಿದ್ದರಿಂದ ಮೂರು ಮಹಡಿಗೂ ಸುದ್ದಿಯಾಯಿತು. ನಮ್ಮವರು ಕೈಯಲ್ಲಿ ತೂಗಿ ನೋಡಿ, ಇಟ್ಟಿಗೆಯಷ್ಟು ಭಾರ ಇಲ್ಲ, ಸೋಪೇ ಇರಬೇಕು ಎಂದರು. ಸೋಪಾಗಿರಲಿಲ್ಲ. ಕಪ್ಪಗೆ, ನಯವಾಗಿ, ಬ್ಯಾಟರಿಯೇ ಇತ್ತು. ದೇವರು ದೊಡ್ಡವನು.

ಅನುಷಾ ಕೂಡಲೇ ಹಾಕಿ ನೋಡೋಣ ಎಂದಳು. ನಾನು ಬಿಡಲಿಲ್ಲ. ನಮ್ಮ ಮನೆಗೆ ಬಂದ ಯಾವ ಹೊಸ ವಸ್ತುವೂ ದೇವರಿಗೆ ಮುಖ ತೋರಿಸದೆ ಕೆಲಸಕ್ಕೆ ಇಳಿದದ್ದಿಲ್ಲ. ಗ್ರೈಂಡರಿಗೂ ಅಷ್ಟೇ, ಅನುಷಾಳ ಸ್ಕೂಟಿಗೂ ಅಷ್ಟೇ. ಅದರಲ್ಲೂ ನಾಳೆಯೇ ಆಯುಧಪೂಜೆ ಇರುವಾಗ ಇವತ್ತು ಅವಸರ ಮಾಡುವುದುಂಟೇ? ಮರುದಿನ ಬೆಳಿಗ್ಗೆ ಮಿಂದು, ಗಂಧ ತೇದು, ಕತ್ತರಿ, ಈಳಿಗೆಮಣೆ, ಲ್ಯಾಪ್‌ಟಾಪು ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿ ಇಟ್ಟೆ. ಬ್ಯಾಟರಿಯನ್ನು ಪಕ್ಕದಲ್ಲಿ ನಿಲ್ಲಿಸಿದೆ. ಅದರ ಒಂದು ಕಡೆ ಬಂಗಾರದ ಬಣ್ಣದ ಸಣ್ಣ ಸಣ್ಣ ಹಲ್ಲುಗಳು ಸಾಲಾಗಿ ಹೊಳೆಯುತ್ತಿದ್ದವು. ಅದೇ ಮುಖ ಎಂದು ನನಗೆ ಅನಿಸಿತು. ಮುಖವೆಂದ ಮೇಲೆ ಹಣೆಗೆ ಇಡಬೇಡವೇ? ಒಂದು ಬೊಟ್ಟು ಗಂಧ, ಅದರ ಮೇಲೆ ಕುಂಕುಮ, ಎರಡು ಕಾಳು ಅಕ್ಷತೆ, ಒಂದು ಸೇವಂತಿಗೆ. ಕೃಷ್ಣಾ, ಒಂಬತ್ತು ಮಕ್ಕಳು ಕಾಯುತ್ತಿದ್ದಾರೆ, ಇದನ್ನು ನಡೆಸಿಕೊಡು ಎಂದು ಕೈ ಮುಗಿದೆ.

ದಸರೆಯ ಮರುದಿನ, ಗುರುವಾರ, ಹೂವು ತೆಗೆದು ಅನುಷಾ ಬ್ಯಾಟರಿ ಸಿಕ್ಕಿಸಿದಳು. ಚಾರ್ಜರ್ ಹಾಕಿದಳು. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೆರೆ. ತೆಗೆದು ಹಾಕಿದಳು, ಮತ್ತೆ ತೆಗೆದು ಹಾಕಿದಳು. ಇದ್ದ ಬ್ಯಾಟರಿಯನ್ನು ಇಲ್ಲವೆಂದೇ ಹೇಳಿತು ಲ್ಯಾಪ್‌ಟಾಪು.

“ನಾನು ಹೇಳಿದ್ದೆ ಅಲ್ವಾ, ಡೂಪ್ಲಿಕೇಟ್ ಅಂತ” ಎಂದರು ನಮ್ಮವರು. ಅವರ ದನಿಯಲ್ಲಿದ್ದ ಸಂತೋಷಕ್ಕೆ ಇವತ್ತಿಗೂ ನಾನು ಕ್ಷಮೆ ಕೊಟ್ಟಿಲ್ಲ.

“ಅಮ್ಮಾ, ಜಾನೇ ದೋ. ರಿಟರ್ನ್ ಕರ್ ದೇತೇ ಹೈ” ಎಂದು ಅನುಷಾ ವಾಪಸು ಕಳಿಸುವ ಅರ್ಜಿ ತುಂಬಿ ಐರೋಲಿಗೆ ಹೊರಟಳು. ಪಾರ್ಸಲ್ ತೆಗೆದುಕೊಂಡು ಹೋಗಲು ಶುಕ್ರವಾರ ಜನ ಬರುತ್ತಾರೆ, ಕಟ್ಟಿಡು ಎಂದಳು. ಇನ್ನೊಂದು ತರಿಸಲು ಸಮಯ ಎಲ್ಲಿದೆ? ನಾಡಿದ್ದೇ ಶನಿವಾರ. ಅಂದು ಲಿಫ್ಟಿನಲ್ಲಿ ಸಿಕ್ಕಿದ ದೇಸಾಯರು “ವೈನಿ, ಮಂತ್ರಾ ತಯಾರ್ ಆತೇನ್ರಿ?” ಎಂದು ಕೇಳಿದರು. “ಶನಿವಾರ ಬನ್ನಿ, ಗೊತ್ತಾಗ್ತದೆ” ಎಂದೆ.

ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ ಬ್ಯಾಟರಿಯನ್ನು ಮತ್ತೆ ಡಬ್ಬಿಗೆ ಹಾಕಲು ಕೈಗೆ ತೆಗೆದುಕೊಂಡೆ. ಬೇಜಾರಿನಲ್ಲಿ ಹಾಗೇ ಮುಖದ ಹತ್ತಿರ ಹಿಡಿದುಕೊಂಡು ನೋಡುತ್ತಾ ಕೂತೆ. ಘಮ್ಮೆಂದಿತು. ಎಲ್ಲಿಯೋ ಚೀನಾದ ಕಡೆಯಿಂದ ಬಂದ ವಸ್ತುವಿಗೆ ಶ್ರೀಗಂಧದ ವಾಸನೆ ಎಲ್ಲಿಂದ?

ಕನ್ನಡಕ ಹಾಕಿಕೊಂಡೆ. ಅನುಷಾ ಪಿನ್ನು ಎನ್ನುವ ಆ ಬಂಗಾರದ ಹಲ್ಲುಗಳ ಸಂದಿಯಲ್ಲೆಲ್ಲ ಗಂಧ ಒಣಗಿ ಗಟ್ಟಿಯಾಗಿ ಕೂತಿದೆ. ಒಂದು ಸಂದಿಯಲ್ಲಿ ಅಕ್ಷತೆಯ ಕಾಳಿನ ಚೂರು ಬೇರೆ. ಮುಖ ಎಂದು ನಾನು ತಿಳಿದದ್ದು ಮುಖವಲ್ಲ, ಬಾಯಿ! ಬಾಯಿಗೆ ಗಂಧ ಮೆತ್ತಿದ ಮೇಲೆ ಅದು ಕರೆಂಟು ಉಣ್ಣುವುದು ಹೇಗೆ?

ಮನೆಯಲ್ಲಿ ಯಾರೂ ಇರಲಿಲ್ಲ. ಅದೊಂದು ದೊಡ್ಡ ಕೃಪೆ. ಬೆಳ್ಳಿಯ ದೀಪ ಉಜ್ಜುವ ಹಳೆಯ ಬ್ರಷ್ಷು, ಹೂಬತ್ತಿಯ ಹತ್ತಿ, ಎರಡನ್ನೂ ತಂದು, ನೀರು ಸೋಕಿಸದೆ, ಹಸುಗೂಸಿನ ಕಿವಿ ಒರೆಸಿದ ಹಾಗೆ ಒಂದೊಂದೇ ಹಲ್ಲು ಒರೆಸಿದೆ. ಸಿಕ್ಕಿಸಿದೆ. ಚಾರ್ಜರ್ ಹಾಕಿದೆ. ಅಂಚಿನಲ್ಲಿ ಕಿತ್ತಳೆ ಬಣ್ಣದ ಪುಟ್ಟ ದೀಪ ಹತ್ತಿಕೊಂಡಿತು. ನನ್ನ ಕಣ್ಣಿನಲ್ಲಿ ನೀರು ಬಂತೆಂದರೆ ನಗಬೇಡಿ.

ಪಾರ್ಸಲ್ಲಿನವನು ಬಂದಾಗ “ನಹೀ ದೇನೇ ಕಾ” ಎಂದು ಕಳಿಸಿಬಿಟ್ಟೆ. ಡಬ್ಬಿಯಲ್ಲಿದ್ದ ಚೀಟಿಯಲ್ಲಿ, ಹೊಸ ಬ್ಯಾಟರಿಯನ್ನು ಮೂರು ಸಲ ಪೂರ್ತಿ ಭರ್ತಿ ಮಾಡಿ, ಪೂರ್ತಿ ಖಾಲಿ ಮಾಡಬೇಕು ಎಂದಿತ್ತು. ಇದು ನನಗೆ ಕೂಡಲೇ ಅರ್ಥವಾಯಿತು. ಏಕಾದಶಿ ಉಪವಾಸ, ದ್ವಾದಶಿ ಪಾರಣೆ! ನಾವು ಹದಿನೈದು ದಿನಕ್ಕೊಮ್ಮೆ ಮಾಡುವುದನ್ನು ಅದು ಮೊದಲ ವಾರದಲ್ಲೇ ಮೂರು ಸಲ ಮಾಡಬೇಕು, ಅಷ್ಟೇ. ಶನಿವಾರಕ್ಕೆ ಮೊದಲು ಒಂದು ಏಕಾದಶಿ ಮಾಡಿಸಿ ಮುಗಿಸಿದೆ.

ಸಂಜೆ ನಮ್ಮವರು ಬಂದು ನೋಡಿದರು. ಆಮೇಲೆ ದೇವರ ಕಡೆ ತಿರುಗಿ ಕೈ ಮುಗಿದು, “ನೋಡು, ಆಯುಧಪೂಜೆ ಮಾಡಿದ್ದು ಸುಮ್ಮನೆ ಹೋಗ್ಲಿಲ್ಲ. ಡೂಪ್ಲಿಕೇಟೂ ಸರಿಯಾಯ್ತು” ಎಂದರು.

ಗಂಧ ಒರೆಸಿದ ಸುದ್ದಿ ನಾನು ಎತ್ತಲಿಲ್ಲ. ಇವತ್ತಿನವರೆಗೂ ಹೇಳಿಲ್ಲ. ಒಬ್ಬ ಮನುಷ್ಯನ ಭಕ್ತಿ ಅಷ್ಟು ಅಪರೂಪಕ್ಕೆ ಚಿಗುರಿದಾಗ ಅದನ್ನು ಚಿವುಟಲು ಮನಸ್ಸು ಬರಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಗೊತ್ತಾಗಲಿ.

ಶನಿವಾರ ಐದು ಗಂಟೆಗೆ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಇಳಿದೆ. ಚಾರ್ಜರನ್ನು ಬೇಕೆಂದೇ ಮೇಲೆ ಬಿಟ್ಟು ಬಂದಿದ್ದೆ. ರೈಲು ಬರುತ್ತದೆ ಎಂದು ಬೆಳಿಗ್ಗೆ ಈಶಾಳ ಕಿವಿಯಲ್ಲಿ ಒಂದು ಮಾತು ಹೇಳಿದ್ದಕ್ಕೆ ಒಂಬತ್ತೂ ಮಕ್ಕಳು ಹಾಜರು. ಟೇಪು ಅಂಟಿಸಿದ ಪ್ಲಗ್ಗಿನ ಕೆಳಗೇ ಸ್ಟೂಲು ಹಾಕಿಕೊಂಡೆ. ಬೇರೆ ಕಡೆ ಜಾಗವಿತ್ತು, ಆದರೂ ಅಲ್ಲೇ.

ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ರಸ್ತೆಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಫ್ಯಾನು ನಿಂತಿತು, ಟ್ಯೂಬು ಆರಿತು. ಸೊಸೈಟಿಯ ಕರೆಂಟಿನ ಜೊತೆ ಎಲ್ಲರ ಕರೆಂಟೂ ಹೋಯಿತು. ಮಬ್ಬುಗತ್ತಲಿನ ಹಾಲಿನಲ್ಲಿ ನನ್ನ ಲ್ಯಾಪ್‌ಟಾಪು ಮಾತ್ರ ಉರಿಯುತ್ತಿತ್ತು. ಮಕ್ಕಳ ಮುಖದ ಮೇಲೆಲ್ಲ ಅದರ ಬೆಳಕು. ಲಿಫ್ಟು ನಿಂತದ್ದರಿಂದ ದೇಸಾಯರು ಮೆಟ್ಟಿಲು ಹತ್ತುವ ಮೊದಲು ಸುಧಾರಿಸಿಕೊಳ್ಳಲು ಹಾಲಿನ ಬಾಗಿಲಿಗೆ ಬಂದು ನಿಂತರು. ಪ್ಲಗ್ಗಿನ ಮೇಲಿನ ಟೇಪು ನೋಡಿದರು. ಬಗ್ಗಿ, ವಯರು ಎಲ್ಲಿಂದ ಬಂದಿದೆ ಎಂದು ಸ್ಟೂಲಿನ ಕೆಳಗೂ ನೋಡಿದರು.

ಪರದೆಯ ಮೇಲೆ ಆಗ ಬಂದದ್ದು ದೊಡ್ಡದೊಂದು ಅಕ್ಷರ. ನಾನು ಕೇಳುವ ಮೊದಲೇ ಈಶಾ ಎದ್ದು ನಿಂತಳು. “ಠ. ಠಾಣೆ!” ಎಂದಳು. ಆಮೇಲೆ ಅಜ್ಜನನ್ನು ಕಂಡು, “ಅಜ್ಜಾ, ಗಲಾಟೆ ಮಾಡಬ್ಯಾಡ. ಕುಂದ್ರು” ಎಂದಳು. ಹಿಂದಿಯಲ್ಲಿ ಅಲ್ಲ. ನನ್ನ ಪುಸ್ತಕದ ಕನ್ನಡದಲ್ಲೂ ಅಲ್ಲ. ಧಾರವಾಡದ ಅಪ್ಪಟ ಒರಿಜಿನಲ್ಲು.

ದೇಸಾಯರು ಕುಂತರು. ಮಕ್ಕಳ ಹಿಂದೆ, ನೆಲದ ಮೇಲೆಯೇ. ಪಾಠ ಮುಗಿದ ಮೇಲೆ ತಾವೇ ಹೋಗಿ ಉಗುರಿನಿಂದ ಟೇಪಿನ ಅಂಚು ಕೆರೆಯತೊಡಗಿದರು.

“ಕಮಿಟಿಗೆ ನಾ ಹೇಳ್ತೀನ್ರಿ ವೈನಿ. ಮುಂದಿನ ವಾರದಿಂದ ಪ್ಲಗ್ ಹಚ್ಚಿಕೋರಿ.”

“ಬೇಡ ದೇಸಾಯರೇ. ಟೇಪು ಅಲ್ಲೇ ಇರಲಿ” ಎಂದೆ. “ನಮ್ಮದು ನಮಗುಂಟು.”

ಸಿಟ್ಟಿನಿಂದ ಹೇಳಿದ್ದಲ್ಲ. ಅಥವಾ ಸ್ವಲ್ಪ ಇತ್ತೇನೋ, ಕೃಷ್ಣ ನೋಡಿಕೊಳ್ಳಲಿ. ಪಾಠ ನಡೆದಷ್ಟು ವರ್ಷವೂ ಆ ಟೇಪು ಅಲ್ಲೇ ಇತ್ತು. ನಾನೂ ಪ್ರತಿ ಶನಿವಾರ ಅದರ ಕೆಳಗೇ ಕೂತೆ.

ಆ ಬ್ಯಾಟರಿ ಎರಡು ವರ್ಷ ಬಂತು. ಅಷ್ಟು ಹೊತ್ತಿಗೆ ಈಶಾ ಸ್ಟೇಷನ್ನಿನ ಹೆಸರು ಬಿಟ್ಟು ದೇವರನಾಮದ ಪುಸ್ತಕ ಓದಲು ಶುರುಮಾಡಿದ್ದಳು. ಡೂಪ್ಲಿಕೇಟ್ ಆದರೆ ಎರಡೇ ವರ್ಷ ಎಂದು ನಮ್ಮವರು ಈಗಲೂ ಹೇಳುತ್ತಾರೆ. ಎರಡು ವರ್ಷ ಬಂತಲ್ಲ ಎಂದು ನಾನು ಹೇಳುತ್ತೇನೆ. ಅದು ಸತ್ತ ದಿನವೇ ಇನ್ನೊಂದು ತರಿಸಿದೆ. ಅದೇ ನಂಬರು, ಅದೇ ಕಂಪ್ಯಾಟಿಬಲ್ಲು. ನಂಬರನ್ನು ಕಣ್ಣು ಮುಚ್ಚಿಕೊಂಡೇ ಹೇಳಿದೆ.

ಈ ಸಲದ ಬ್ಯಾಟರಿ ಬಂದಾಗ ಅನುಷಾ ನನ್ನ ಕೈಯಲ್ಲಿ ಗಂಧದ ಬಟ್ಟಲು ನೋಡಿ, “ಅಮ್ಮಾ, ಇದಕ್ಕೂ ಪೂಜೆಯಾ?” ಎಂದಳು. ಇದಕ್ಕೂ. ಎಷ್ಟು ಬಂದರೆ ಅಷ್ಟಕ್ಕೂ. ಒಂದು ಬೊಟ್ಟು ಗಂಧ ಇಟ್ಟೇ ಇಟ್ಟೆ. ಪಿನ್ನಿಗಲ್ಲ, ಬೆನ್ನಿಗೆ.